ನಾಲ್ಕು ಸಲ ನಪಾಸಾದ ಗುರು

ಶೇಂಗಾ ಕಟ್ಟಿಕೊಟ್ಟ ಕಾಗದವನ್ನು ಬಿಸಾಡದೆ ಓದುವ ಚಟ ನನಗೆ ಮೊದಲಿನಿಂದಲೂ ಇದೆ. "ನೀವ್ ಶೇಂಗಾ ತಿನ್ಲಾಕ ತರ್ತೀರೋ, ಓದ್ಲಾಕ ತರ್ತೀರೋ?" ಎಂದು ಹೆಂಡತಿ ಕೇಳುತ್ತಾಳೆ. ಅವಳಿಗೇನು ಗೊತ್ತು! ಒಂದು ಕಥೆಯ ನಡುಭಾಗ, ಯಾರದೋ ಮದುವೆಯ ಕರೆಯೋಲೆಯ ಬಾಲ, ಹದಿನೇಳರ ಮಗ್ಗಿಯ ಕೊನೆಯ ಮೂರು ಸಾಲು, ಇಂಥವೆಲ್ಲ ನನಗೆ ಶೇಂಗಾದ ಜೊತೆ ಪುಕ್ಕಟೆಯಾಗಿ ಸಿಕ್ಕಿವೆ. ಮೊನ್ನೆ ಸಂಜೆ ಸಿಕ್ಕದ್ದು ಮಾತ್ರ ಹರಿಯದ, ಇಡೀ ಕಾಗದ. ಲೆಕ್ಕಪತ್ರದ ಪರೀಕ್ಷೆಗೆ ಹುಡುಗರನ್ನು ತಯಾರು ಮಾಡುವ ಯಾವುದೋ ತರಗತಿಯ ಜಾಹೀರಾತು. ಕೆಳಗೆ ದಪ್ಪಕ್ಷರದಲ್ಲಿ, "ಪಾಸಾಗದಿದ್ದರೆ ಹಣ ವಾಪಸ್" ಎಂದಿತ್ತು.

ನಾನು ನಕ್ಕ ರಭಸಕ್ಕೆ ಶೇಂಗಾದ ಸಿಪ್ಪೆ ಗಂಟಲಿಗೆ ಸಿಕ್ಕಿ, ಹೆಂಡತಿ ಬೆನ್ನಿಗೆ ಗುದ್ದಿ ನೀರು ಕುಡಿಸಬೇಕಾಯಿತು. ಯಾಕೆಂದರೆ ಇದೇ ಮಾತನ್ನು ನಾನು ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ನಿಜಾಮರ ಕಾಲದಲ್ಲಿ, ಬೀದರಿನ ಚೌಬಾರಾ ಗೋಪುರದ ಹತ್ತಿರ ಒಂದು ಹಲಗೆಯ ಮೇಲೆ ಉರ್ದುವಿನಲ್ಲಿ ಓದಿದ್ದೆ. ಓದಿ ಹೆಚ್ಚು ಕಡಿಮೆ ನಂಬಿಯೂ ಇದ್ದೆ.

ಆಗ ನಾನು ಔರಾದಿನ ಕಚೇರಿಯಲ್ಲಿ ಉಮೇದವಾರ. ಇಂದಲ್ಲ ನಾಳೆ ನೌಕರಿ ಸಿಕ್ಕೀತೆಂದು ಸಂಬಳವಿಲ್ಲದೆ ದುಡಿಯುವವನಿಗೆ ಆಗ ಆ ಹೆಸರಿತ್ತು. ಮೂರು ವರ್ಷ ದುಡಿದಿದ್ದೆ. ಪತ್ರಗಳ ನಕಲು ತೆಗೆಯುವುದು, ಮಸಿ ಕಲಸುವುದು, ಹಿರಿಯ ಗುಮಾಸ್ತರಾದ ಪೇಶ್ಕಾರ್ ಸಾಹೇಬರು ಸೀನಿದಾಗ ಕಿಟಕಿ ಮುಚ್ಚುವುದು ಇವೆಲ್ಲ ನನ್ನ ಪಾಲಿನ ಸರಕಾರಿ ಕೆಲಸ. ಮನೆ ಭಾಲ್ಕಿಯಲ್ಲಿ. ಅಪ್ಪನದೊಂದು ಕಿರಾಣಿ ಅಂಗಡಿ, ನಾವು ಗಂಡುಮಕ್ಕಳು ನಾಲ್ವರು. "ಅಂಗಡಿ ಒಂದದ, ಹೊಟ್ಟಿ ನಾಕ ಅವ. ಒಬ್ಬಾಂವರ ಹೊರಗ ಹೋಗ್ರಿ" ಎಂದು ಅಪ್ಪ ಹೇಳಿದಾಗ ಹೊರಗೆ ಬಿದ್ದವನು ನಾನು. ಒಂದು ದಿನ ಪೇಶ್ಕಾರರು ಹೊಸ ಹುಕುಮ್ ಓದಿದರು. ಹಿಸಾಬಿನ, ಎಂದರೆ ಲೆಕ್ಕಪತ್ರದ, ಪರೀಕ್ಷೆ ಪಾಸಾಗದ ಉಮೇದವಾರರನ್ನು ಇನ್ನು ಇಟ್ಟುಕೊಳ್ಳುವಂತಿಲ್ಲ. ಪರೀಕ್ಷೆ ಬೀದರಿನಲ್ಲಿ, ಎರಡು ತಿಂಗಳಿಗೆ.

"ಕಾಶಪ್ಪಾ, ರಜಾ ಕೊಡ್ತೇನಿ, ಹೋಗು. ಪಾಸಾಗಿ ಬಾ. ಇಲ್ಲಂದ್ರ ಬರಬ್ಯಾಡ" ಅಂದರು. ಪ್ರೀತಿಯಿಂದಲೇ ಅಂದರು, ಆದರೆ ಅಂದದ್ದು ಅದನ್ನೇ.

ಲೆಕ್ಕದಲ್ಲಿ ನಾನು ಜಾಣ ಎಂಬ ಭ್ರಮೆ ನನಗೆ ಚಿಕ್ಕಂದಿನಿಂದ ಇತ್ತು. ಭಾಲ್ಕಿಯ ಮಠದ ಸಾಲೆಯಲ್ಲಿ ಅಯ್ಯನವರು ಮರಳಿನ ಮೇಲೆ ಬೆರಳಿನಿಂದ ಬರೆಸಿ ಕಾಲು, ಅರೆ, ಮುಕ್ಕಾಲಿನ ಮಗ್ಗಿಗಳನ್ನು ಬಾಯಿಪಾಠ ಮಾಡಿಸಿದ್ದರು. ನಾನು ಅವನ್ನು ತಲೆಕೆಳಗಾಗಿ ಕೂಡ ಹೇಳುತ್ತಿದ್ದೆ. ಒಮ್ಮೆ ಅಂಗಡಿಗೆ ಬಂದ ಹಳ್ಳಿಯ ಹೆಣ್ಣುಮಗಳೊಬ್ಬಳು ಸವಾಸೇರು ಬೆಲ್ಲಕ್ಕೆ ಎಷ್ಟಾಯಿತೆಂದು ಕೇಳಿದಳು. ಅಪ್ಪ ಬಾಯಿ ತೆರೆಯುವ ಮೊದಲೇ ನಾನು ಹೇಳಿಬಿಟ್ಟೆ. ಅವಳು ಬೆರಳಿನ ಗೆಣ್ಣು ಎಣಿಸಿ, "ಜಲ್ದಿ ಹೇಳಿದ್ರ ಲೆಕ್ಕ ಆಗಂಗಿಲ್ಲ ಮಗಾ, ಸರಿ ಹೇಳಬೇಕು" ಅಂದಳು. ಓದುಬರಹ ಇಲ್ಲದ ಅವಳದೇ ಸರಿಯಿತ್ತು. ಅಪ್ಪ ನಕ್ಕದ್ದು ಇನ್ನೂ ಕಿವಿಯಲ್ಲಿದೆ. ಆದರೂ ಬುದ್ಧಿ ಬಂತೆಂದು ನೀವು ತಿಳಿಯಬೇಡಿ.

ಕಚೇರಿಯ ಲೆಕ್ಕವೆಂದರೆ ಬೆಲ್ಲದ ಲೆಕ್ಕವಲ್ಲ. ಆಗ ಒಂದೇ ನೂರನ್ನು ನಾಲ್ಕು ನಮೂನೆ ಬರೆಯಬೇಕಿತ್ತು. ಅಂಗಡಿಯಲ್ಲಿ ಕನ್ನಡದ ಅಂಕಿ, ಪೇಟೆಯ ಪತ್ರದಲ್ಲಿ ಮರಾಠಿಯ ಅಂಕಿ, ಕಚೇರಿಯ ಕಾಗದದಲ್ಲಿ ಉರ್ದುವಿನ ಅಂಕಿ. ಖಜಾನೆಗೆ ಹೋದರೆ ಈ ಮೂರೂ ನಡೆಯುತ್ತಿರಲಿಲ್ಲ. ಅಲ್ಲಿ ರಕಮು ಎಂಬ ಬೇರೆಯೇ ಬರಹ. ಅಂಕಿಯೂ ಅಲ್ಲ, ಅಕ್ಷರವೂ ಅಲ್ಲ, ಮಳೆ ನಿಂತ ಮೇಲೆ ಅಂಗಳದಲ್ಲಿ ಎರೆಹುಳ ಹರಿದ ಗುರುತಿನಂತೆ ಕಾಣುವ ಗೆರೆಗಳು. ಅದರ ಮೇಲೆ ಸಂಸ್ಥಾನದ ರೂಪಾಯಿ ಬೇರೆ, ಇಂಗ್ಲಿಷರ ರೂಪಾಯಿ ಬೇರೆ. ಒಂದನ್ನು ಇನ್ನೊಂದಕ್ಕೆ ಇಳಿಸುವುದರೊಳಗೆ ನನ್ನ ಅಯ್ಯನವರ ಮಗ್ಗಿಗಳೆಲ್ಲ ಬೆವರುತ್ತಿದ್ದವು.

ಗಂಟು ಕಟ್ಟಿಕೊಂಡು, ಮಾಂಜ್ರಾ ಹೊಳೆ ದಾಟಿ ಬೀದರಿಗೆ ಬಂದೆ. ಅಲ್ಲಿ ನಮ್ಮಕ್ಕ ಗಂಗಮ್ಮನ ಮನೆ. ಮಾವನದು ಎಣ್ಣೆಯ ವ್ಯಾಪಾರ, ಊರಿನ ಎಲ್ಲ ಸುದ್ದಿಯೂ ಗೊತ್ತು. "ಇಬ್ಬರು ಕಲಸ್ತಾರ ಈ ಊರಾಗ" ಅಂದ ಮಾವ. "ಒಬ್ಬರು ಉಸ್ತಾದ್ ಸಾಹೇಬರು. ಇನ್ನೊಬ್ಬ ಧೋಂಡೀಬಾ ಮಾಸ್ತರ. ನೋಡಿ ಬಾ, ಆಮ್ಯಾಲ ಕೂಡು."

ಮೊದಲು ಉಸ್ತಾದರಲ್ಲಿಗೆ ಹೋದೆ. ಖಜಾನೆಯಲ್ಲಿ ಮೂವತ್ತು ವರ್ಷ ಕಳೆದು ನಿವೃತ್ತರಾದವರು. ಬಿಳಿ ಗಡ್ಡ, ಬಿಳಿ ಅಂಗಿ, ಮಾತು ಮಾತ್ರ ಅತ್ತರಿನ ಹಾಗೆ. ಒಂದು ಹಾಳೆ ಕೊಟ್ಟು ರಕಮು ಓದಲು ಹೇಳಿದರು. ನಾನು ಮುನ್ನೂರನ್ನು ಮೂವತ್ತೆಂದು ಓದಿದೆ. ಅವರು ಹಾಳೆಯನ್ನು ಮೆಲ್ಲಗೆ ನನ್ನ ಕೈಯಿಂದ ತೆಗೆದುಕೊಂಡರು. ತಪ್ಪು ಓದಿದರೆ ಹಾಳೆಗೆ ನೋವಾದೀತು ಎಂಬ ಹಾಗೆ.

"ಬೇಟಾ, ಬುನಿಯಾದ್ ಕಚ್ಚೀ ಹೈ" ಅಂದರು. ಬುನಾದಿಯೇ ಹಸಿಯಾಗಿದೆ, ಒಂದು ವರ್ಷ ಬಾ.

ನನಗಿರುವುದು ಎರಡೇ ತಿಂಗಳು ಅಂದೆ. ಎರಡು ತಿಂಗಳಿಗೆ ಕುಂಬಳಕಾಯಿ ಕೂಡ ಬಲಿಯುವುದಿಲ್ಲವೆಂದು ಉರ್ದುವಿನಲ್ಲಿ ಹೇಳಿ, ಬಾಗಿಲ ತನಕ ಬಂದು ಕಳಿಸಿಕೊಟ್ಟರು. ಅಷ್ಟು ಮರ್ಯಾದೆಯಿಂದ ನನ್ನನ್ನು ಯಾರೂ ಬೇಡವೆಂದಿರಲಿಲ್ಲ.

ಧೋಂಡೀಬಾ ಮಾಸ್ತರನಲ್ಲಿ ಇದರ ತದ್ವಿರುದ್ಧ. ಬಾಗಿಲಲ್ಲೇ, ಪಾಸಾಗದಿದ್ದರೆ ಹಣ ವಾಪಸ್ ಎಂಬ ಆ ಹಲಗೆ. ಒಳಗೆ ಗೋಡೆಯ ತುಂಬ ಪಾಸಾದವರ ಹೆಸರು, ಮೇಲೆ ಕಾಗದದ ಹೂವಿನ ಮಾಲೆ. ದೂರದಿಂದ ನೋಡಿದರೆ ಸತ್ತವರ ಯಾದಿಯ ಹಾಗೆ ಕಾಣುತ್ತಿತ್ತು. ಮಾಸ್ತರ ನನ್ನ ಬೆನ್ನು ತಟ್ಟಿ, "ಇಪ್ಪತ್ತ ಸವಾಲ್ ಕೊಡ್ತೇನಿ. ಬಾಯಿಪಾಠ ಮಾಡು. ಅದರಾಗ ಹದಿನೈದ ಬಂದೇ ಬರ್ತಾವ" ಅಂದ.

"ನಪಾಸ್ ಆದ್ರ ರೊಕ್ಕ ಹೊಳ್ಳಿ ಕೊಡ್ತೀರೇನ್ರಿ?"

"ಯಾಕ ಕೊಡಲ್ಲ? ಒಂದ ದಿನಾನೂ ತಪ್ಪಿಸಬಾರ್ದು, ಇಪ್ಪತ್ತೂ ಸವಾಲ್ ಬಾಯಿಪಾಠ ಆಗಿರಬೇಕು, ಆಮ್ಯಾಲ ಪರೀಕ್ಷಾ ತಗೊಂಡ ಸಾಹೇಬ್ರ ಸಹಿ ತರಬೇಕು, ಇಂವ ಖರೇ ನಪಾಸ್ ಆಗ್ಯಾನ ಅಂತ."

"ಹಂಗ ಸಹಿ ತಂದವ್ರು ಯಾರರ ಇದ್ದಾರೇನ್ರಿ?"

"ಇನ್ನಾ ತನಕ ಒಬ್ಬನೂ ಬಂದಿಲ್ಲ ನೋಡು" ಎಂದು ಮಾಸ್ತರ ಮೀಸೆ ತಿರುವಿದ.

ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಅವನೇ ಹಿಡಿಸಿದ. ಹೆದರಿದವನಿಗೆ ವಿದ್ಯೆ ಬೇಕಾಗಿರುವುದಿಲ್ಲ, ಧೈರ್ಯ ಹೇಳುವವನು ಬೇಕು. ಮನೆಗೆ ಬಂದು ನಾಳೆ ಸೇರುತ್ತೇನೆ ಅಂದೆ. ಮಾವನೂ ತಲೆಯಾಡಿಸಿದ. ರೊಟ್ಟಿ ಬಡಿಯುತ್ತಿದ್ದ ಅಕ್ಕ ಮಾತ್ರ ಕೈ ನಿಲ್ಲಿಸಿದಳು.

"ಪಾಸಾದವ್ರ ಹೆಸರು ಗ್ವಾಡಿ ಮ್ಯಾಲ ಬರ್ದಾನ. ನಪಾಸಾದವ್ರದು ಎಲ್ಲಿ ಬರ್ದಾನ?"

"ಅದನ್ನ ಯಾರ ಬರೀತಾರಕ್ಕಾ?"

"ಕುಂಬಾರ ಛಲೋ ಗಡಗಿ ಬಾಗಲಾಗ ಇಟ್ಟಿರ್ತಾನ ತಮ್ಮಾ. ನೀ ಹಿತ್ಲಾಗ ಹೋಗಿ ಒಡದ ಬೋಕಿ ನೋಡು. ಮಣ್ಣ ಹ್ಯಾಂಗದ ಅಂತ ಅಲ್ಲಿ ತಿಳೀತದ."

ಅಕ್ಕ ಸಾಲೆಯ ಮುಖ ಕಂಡವಳಲ್ಲ. ಆದರೆ ಅವಳ ಮಾತು ಕಿವಿಗೆ ಬಿದ್ದ ಮೇಲೆ ಮಾಸ್ತರನ ಮನೆಯ ಕಡೆ ನನ್ನ ಕಾಲು ಏಳಲಿಲ್ಲ. ನಪಾಸಾದವರನ್ನು ಹುಡುಕಿಕೊಂಡು ಹೊರಟೆ. ಅದೇನು ಸುಲಭವೇ? ಬಟ್ಟೆ ಅಂಗಡಿಯಲ್ಲಿದ್ದವನೊಬ್ಬ ಪರೀಕ್ಷೆಗೆ ತಾನು ಕೂತೇ ಇಲ್ಲವೆಂದ. ಬಗದಲ ಊರಿನವನೊಬ್ಬ ಮಾಸ್ತರನನ್ನು, ಪರೀಕ್ಷಕರನ್ನು, ಮಸಿಯನ್ನು, ಕೊನೆಗೆ ಶನಿಯನ್ನು ಬೈದ. ಮನ್ನಳ್ಳಿಯವನು ಪುಸ್ತಕಗಳನ್ನೆಲ್ಲ ಒಲೆಗೆ ಹಾಕಿ ಈಗ ಸುಖವಾಗಿದ್ದೇನೆ ಅಂದ. ಆದರೆ ಮೂವರೂ ಕೊನೆಗೆ ಒಂದೇ ಮಾತು ಹೇಳಿ ನಕ್ಕರು. "ನಮ್ಮನ್ನ ಏನ್ ಕೇಳ್ತಿ? ದಫ್ತರಖಾನೆದ ವ್ಯಂಕಟರಾಯರ್ನ ಕೇಳು. ಅವ್ರು ನಾಕ ಸಲ ಆಗ್ಯಾರ!"

ದಫ್ತರಖಾನೆ ಎಂದರೆ ಹಳೆಯ ಕಾಗದಗಳನ್ನು ಗಂಟು ಕಟ್ಟಿ ಇಡುವ ಕೋಣೆ. ಒಳಗೆ ಕೆಂಪು ಬಟ್ಟೆಯ ಗಂಟುಗಳ ನಡುವೆ ಒಬ್ಬ ತೆಳ್ಳನೆಯ ಮನುಷ್ಯ ಕೂತಿದ್ದರು. ನಲವತ್ತಕ್ಕೆ ಹತ್ತಿರದ ವಯಸ್ಸು, ತಲೆಗೆ ಕರಿ ಟೋಪಿ, ಕನ್ನಡಕದ ಒಂದು ಕಡ್ಡಿಯ ಬದಲು ದಾರ. ಭಾಲ್ಕಿಯ ಆಚೆಯ ಮೆಹಕರದವರು, ಮನೆಯಲ್ಲಿ ಅರ್ಧ ಮರಾಠಿ ಅರ್ಧ ಕನ್ನಡ. ಏನೆಂದು ಮಾತು ಶುರು ಮಾಡಬೇಕೆಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಹೋಗಿದ್ದೆ. ಎದುರಿಗೆ ನಿಂತಾಗ ಎಲ್ಲ ಮರೆತು, "ನೀವ್ ನಾಕ ಸಲ ನಪಾಸ್ ಆಗೀರಂತ ಹೌದೇನ್ರಿ?" ಎಂದುಬಿಟ್ಟೆ.

ಅವರು ಕಟ್ಟುತ್ತಿದ್ದ ಗಂಟನ್ನು ಮುಗಿಸಿ, ಬಿಗಿಯಾಗಿದೆಯೇ ಎಂದು ಎಳೆದು ನೋಡಿ, ತಲೆಯೆತ್ತಿದರು.

"ಹೌದು. ಯಾವ ಸಲದ್ದು ಬೇಕು?"

ಯಾವ ವರ್ಷದ ಗಂಟು ಬೇಕೆಂದು ಬಂದವರನ್ನು ಅವರು ಕೇಳುತ್ತಿದ್ದದ್ದೂ ಅದೇ ದನಿಯಲ್ಲಿ. ನನಗೆ ನೆಲ ಬಾಯಿ ಬಿಡಬಾರದೇ ಅನಿಸಿತು. ಆದರೆ ಅವರು ಸಿಟ್ಟಾಗಲಿಲ್ಲ. ನನ್ನ ಕಥೆ ಕೇಳಿ, ಒಂದು ದಪ್ಪ ವಹಿ ತೆಗೆದರು. ಪರೀಕ್ಷೆಯಿಂದ ಹೊರಗೆ ಬಂದ ಕೂಡಲೇ ತಾನು ಎಲ್ಲಿ ತಪ್ಪಿದೆನೆಂದು ನೆನಪು ಮಾಡಿಕೊಂಡು, ನಾಲ್ಕು ಸಲವೂ ಅದರಲ್ಲಿ ಬರೆದಿಟ್ಟಿದ್ದರು. ಮೊದಲ ಸಲ ಉರ್ದುವಿನ ಪ್ರಶ್ನೆಯ ಒಂದು ಶಬ್ದ ತಪ್ಪು ತಿಳಿದು ಜಮೆಯನ್ನು ಖರ್ಚಿಗೆ ಹಾಕಿದ್ದರು. ಎರಡನೆಯ ಸಲ ರೂಪಾಯಿಯಿಂದ ರೂಪಾಯಿಗೆ ಇಳಿಸುವಾಗ ಎಡವಿದ್ದರು. ಮೂರನೆಯ ಸಲ ಹಿಂದಿನ ಹಾಳೆಯ ಮೊತ್ತವನ್ನು ಮುಂದಿನ ಹಾಳೆಗೆ ತರಲು ಮರೆತಿದ್ದರು. ನಾಲ್ಕನೆಯ ಸಲದ ಹಾಳೆಯಲ್ಲಿ ಒಂದೇ ಸಾಲಿತ್ತು: "ಕೈ ನಡೆಯಲಿಲ್ಲ."

"ಇಬ್ಬರ ಹಂತ್ಯಾಕೂ ಕಲ್ತೇನಿ" ಅಂದರು. "ಉಸ್ತಾದರು ಬಾವಿ ಇದ್ದಂಗ. ನೀರ ಭಾಳ, ಹಗ್ಗ ಉದ್ದ ಬೇಕು. ನಿನ್ನ ಹಂತ್ಯಾಕ ಹಗ್ಗ ಇಲ್ಲ. ಧೋಂಡೀಬಾಂದು, ಸವಾಲ್ ಹಂಗೇ ಬಂದ್ರ ಬದಕಿದಿ. ಒಂದ ಅಂಕಿ ಬದ್ಲಾತು, ಸತ್ತಿ."

"ಮತ್ತ ನೀವೇ ಹೇಳಿಕೊಡ್ರಿ."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ನಾಕ ಸಲ ಮುಳುಗಿದಾಂವನ ಹಂತ್ಯಾಕ ಈಜ ಕಲೀಲಾಕ ಬಂದೀಯೇನೋ?"

"ಸುಳಿ ಎಲ್ಲೆಲ್ಲಿ ಅವ ಅಂತ ನಿಮಗ ಗೊತ್ತದಲ್ರಿ."

ಈ ಮಾತು ನನ್ನ ಬಾಯಲ್ಲಿ ಹೇಗೆ ಬಂತೋ ನಾನರಿಯೆ. ನನ್ನ ಜನ್ಮದಲ್ಲಿ ಸಮಯಕ್ಕೆ ಸರಿಯಾಗಿ ಹೊಳೆದ ಉತ್ತರ ಅದೊಂದೇ. ವ್ಯಂಕಟರಾಯರು ವಹಿಯನ್ನು ಮುಚ್ಚಿಟ್ಟು, "ನಾಳಿ ಮುಂಜಾನಿ ಮದರಸಾದ ಕಡಿ ಬಾ" ಅಂದರು.

ಮಾವ ಹಣೆ ಬಡಿದುಕೊಂಡ. "ಊರ ಮಂದಿ ಪಾಸಾದವ್ರ ಕಡಿ ಹೋದ್ರ, ಇಂವ ನಪಾಸಾದವ್ರ ಕಡಿ ಹೋಗ್ಯಾನ." ಅಕ್ಕ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು.

ಬೀದರಿನ ಹಳೆಯ ಮದರಸಾ ನೀವು ನೋಡಿರುತ್ತೀರಿ. ಅರ್ಧ ಬಿದ್ದುಹೋದರೂ ಗೋಡೆಯ ನೀಲಿ ಹಂಚುಗಳು ಬೆಳಗಿನ ಬಿಸಿಲಿಗೆ ಇನ್ನೂ ಹೊಳೆಯುತ್ತವೆ. ಅದರ ನೆರಳಿನಲ್ಲಿ ಪಾರಿವಾಳಗಳ ಗದ್ದಲದ ನಡುವೆ ನನ್ನ ಪಾಠ. ವ್ಯಂಕಟರಾಯರು ಎಂದೂ ಸರಿಯಾದ ಲೆಕ್ಕ ಹೇಳಿಕೊಡಲಿಲ್ಲ. ತಪ್ಪಿದ ಲೆಕ್ಕ ಕೊಟ್ಟು, "ಎಲ್ಲಿ ಕಾಲ ಜಾರ್ಯಾದ ಹುಡುಕು" ಎನ್ನುತ್ತಿದ್ದರು. ಮೊದಲ ವಾರ ನನಗೆ ಒಂದೂ ಸಿಗಲಿಲ್ಲ. ಎರಡನೆಯ ವಾರ, ಎಲ್ಲ ಸರಿಯಿದ್ದದ್ದರಲ್ಲೂ ತಪ್ಪು ಹುಡುಕಿದೆ. ಮೂರನೆಯ ವಾರದ ಹೊತ್ತಿಗೆ ಹಾಳೆ ನೋಡಿದೊಡನೆ ತಪ್ಪಿನ ವಾಸನೆ ಬರತೊಡಗಿತು. ಎರೆಹುಳದಂಥ ರಕಮುಗಳು ಒಂದೊಂದಾಗಿ ತಲೆಯೆತ್ತಿ ತಮ್ಮ ಹೆಸರು ಹೇಳಿದವು. ಅವರ ಮನೆಯಲ್ಲಿ ನಾನು ಉಣ್ಣುವಂತಿರಲಿಲ್ಲ, ನಮ್ಮ ಅಕ್ಕನ ಮನೆಯಲ್ಲಿ ಅವರು ನೀರು ಕುಡಿಯುವಂತಿರಲಿಲ್ಲ. ಕಾಲವೇ ಹಾಗಿತ್ತು. ಆದರೆ ಪೇರಲ ಹಣ್ಣಿಗೆ ಯಾವ ಮಡಿಯೂ ಇರಲಿಲ್ಲ. ದಿನಾಲು ಎರಡು ತರುತ್ತಿದ್ದರು, ದೊಡ್ಡದು ನನಗೆ. ಗುರುದಕ್ಷಿಣೆಯ ಮಾತೆತ್ತಿದರೆ, "ಮೊದ್ಲ ಪಾಸಾಗು" ಎಂದು ಬಾಯಿ ಮುಚ್ಚಿಸುತ್ತಿದ್ದರು.

ಹೇಳಿಕೊಡುವಾಗ ಅವರನ್ನು ನೋಡಬೇಕಿತ್ತು. ಉಡುಗಿದ ಆ ಮನುಷ್ಯ ಎದೆ ನೆಟ್ಟಗೆ ಮಾಡಿಕೊಂಡು, ಕೈ ಬೀಸಿ, ಜಮೆ ಖರ್ಚುಗಳನ್ನು ಜಗಳವಾಡುವ ಅತ್ತೆ ಸೊಸೆಯರ ಹಾಗೆ ಕಣ್ಣಿಗೆ ಕಟ್ಟಿಸುತ್ತಿದ್ದರು. ಹಾದಿಯ ಜನ ನಿಂತು ಕೇಳುತ್ತಿದ್ದರು. ಆದರೆ ಒಂದು ದಿನ, "ಈ ಲೆಕ್ಕ ನೀವೇ ಬರ್ದ ತೋರಸ್ರಿ" ಎಂದು ಲೇಖನಿ ಕೊಟ್ಟೆ. ಅವರ ಬೆರಳು ಹಾಗೇ ಬಿಗಿದವು. ಹಣೆಯಲ್ಲಿ ಬೆವರು. ಏನೋ ನೆವ ಹೇಳಿ ಎದ್ದುಹೋದರು.

ಅದಾದ ಎರಡು ದಿನಕ್ಕೆ ಅವರ ಹೆಂಡತಿ ರಾಧಾಬಾಯಿ ನನಗೆ ಹೇಳಿ ಕಳಿಸಿದರು. ನಾನು ಅವರ ಮನೆಯ ಕಟ್ಟೆಯ ಮೇಲೆ ಕೂತೆ, ಅವರು ಬಾಗಿಲ ಮರೆಯಲ್ಲಿ ನಿಂತರು.

"ಪರೀಕ್ಷಾಕ್ಕ ಅರ್ಜಿ ಕೊಡ್ಲಾಕ ನಾಡದ ಕಡೀ ದಿನ ಅಂತ್ರಿ. ಇವ್ರಿಗಿ ಕೂಡ್ರಿ ಅಂತ ನೀವ್ ಹೇಳ್ರಿ."

"ನಾ ಹೇಳಿದ್ರ ಕೇಳ್ತಾರೇನ್ರಿ ವೈನಿ?"

"ನಾ ಹೇಳಿದ್ರಂತೂ ಕೇಳಲ್ರು. ದೊಡ್ಡ ನೌಕ್ರಿ ನಮಗ ಬ್ಯಾಡ್ರಿ. ಯಾರರ ಪರೀಕ್ಷಾ ಅಂತ ಮಾತ ತೆಗದ್ರ ಇವ್ರು ಎದ್ದ ಹೊರಗ ಹೋಗ್ತಾರ. ತಮ್ಮನ ಮದಿವ್ಯಾಗೂ ಊಟದ ಸಾಲಿನಿಂದ ಎದ್ದ ಹೋಗ್ಯಾರ. ಅದ ನನಗ ನೋಡ್ಲಾಕ ಆಗಲ್ರಿ." ಮತ್ತೆ, "ಈಗ ಒಂದ ತಿಂಗಳಾತು, ನಿಮಗ ಕಲಸ್ಲಕ್ಕತ್ತಾಗಿಂದ, ಮುಂಜಾನಿ ಹಾಡ ಅನ್ಕೋತ ಏಳ್ತಾರ" ಅಂದರು.

ಮರುದಿನ ಮದರಸಾದಲ್ಲಿ ನಾನು ಹೇಳಿದೆ: "ರಾಯರ, ನೀವ್ ಅರ್ಜಿ ಕೊಡಲಿಲ್ಲಂದ್ರ ನಾನೂ ಕೊಡಲ್ರಿ."

ಅವರ ಮುಖ ಕಪ್ಪಿಟ್ಟಿತು. "ಹುಚ್ಚ ಇದ್ದಿ ನೀ. ನಿನ್ನ ಜೀವನಾ ನನ್ನ ಕೊಳ್ಳಿಗಿ ಕಟ್ತೀಯೇನು?" ಎಂದವರೇ ಹೊರಟುಹೋದರು. ಪೇರಲ ಹಣ್ಣುಗಳು ಕಲ್ಲಿನ ಮೇಲೇ ಉಳಿದವು. ಮೊದಲ ಸಲ ಎರಡೂ ನನ್ನ ಪಾಲಿಗೆ ಬಂದರೂ ಒಂದನ್ನೂ ತಿನ್ನಲಾಗಲಿಲ್ಲ.

ಈಗ ನನ್ನ ಧೈರ್ಯದ ವಿಷಯ. ಕೊನೆಯ ದಿನ ಅರ್ಜಿ ಹಿಡಿದುಕೊಂಡು ಕಚೇರಿಯ ಬಾಗಿಲಲ್ಲಿ ನಿಂತಿದ್ದೆ. ಮಧ್ಯಾಹ್ನದ ತೋಪು ಹಾರುವವರೆಗೆ ರಾಯರು ಬರದಿದ್ದರೆ ನನ್ನದೊಂದನ್ನೇ ಕೊಟ್ಟು, ಹಿಂದಿನ ಓಣಿಯಿಂದ ಓಡಿಹೋಗುವುದೆಂದು ಒಳಗೊಳಗೇ ನಿಶ್ಚಯ ಮಾಡಿಯಾಗಿತ್ತು. ಅಷ್ಟರಲ್ಲಿ ಟೋಪಿ ಸರಿಮಾಡಿಕೊಳ್ಳುತ್ತ ಅವರು ಬಂದರು. ಕೈಯಲ್ಲಿ ನಾಲ್ಕು ಮಡಿಕೆಯ ಕಾಗದ.

"ಖರೇ ಹೇಳು. ನಾ ಬರದಿದ್ರ ನೀ ಒಬ್ಬನೇ ಕೊಡಾಂವಿದ್ದಿ, ಹೌದಲ್ಲ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಹೌದ್ರಿ" ಅಂದೆ.

ವ್ಯಂಕಟರಾಯರು ಜೋರಾಗಿ ನಕ್ಕರು. ಬಾಗಿಲ ಕಾಯುವ ಜವಾನ ತಿರುಗಿ ನೋಡುವಷ್ಟು ನಕ್ಕರು. "ಆತು ಬಿಡು. ಶಾಣ್ಯಾನೇ ಇದ್ದಿ. ಬಾ, ಕೊಡೋಣು."

ಪರೀಕ್ಷೆಯ ಬೆಳಿಗ್ಗೆ ದಾರಿಯಲ್ಲಿ ಅವರ ಬೆರಳುಗಳು ಆಗಲೇ ಬಿಗಿಯುತ್ತಿದ್ದವು. ನನಗೆ ಒಂದೇ ಉಪಾಯ ತೋಚಿತು. "ರಾಯರ, ಉತ್ತರಾ ಬರೀಲಾಕ ಕೂಡಬ್ಯಾಡ್ರಿ. ನಾ ಎದ್ರಿಗಿ ಕೂತೇನಿ, ನನಗ ಹೇಳಿಕೊಡ್ಲಾಕತ್ತೀರಿ ಅಂತ ತಿಳೀರಿ" ಅಂದೆ. ಅವರು ಕೇಳಿಸಿಕೊಂಡರೋ ಇಲ್ಲವೋ ತಿಳಿಯಲಿಲ್ಲ.

ದೊಡ್ಡ ಹವೇಲಿಯೊಂದರ ಪಡಸಾಲೆ. ಜಮಖಾನೆಯ ಮೇಲೆ ಸಾಲಾಗಿ ಗಿಡ್ಡ ಮೇಜುಗಳು. ಮೇಲ್ವಿಚಾರಣೆಗೆ ಬಂದವರನ್ನು ನೋಡಿ ನಾನು ಮುಂದಿನವನ ಬೆನ್ನ ಮರೆಗೆ ಸರಿದು ಕೂತೆ. ಅದೇ ಉಸ್ತಾದ್ ಸಾಹೇಬರು. ನನ್ನನ್ನು ಗುರುತಿಸಿ, ಕುಂಬಳಕಾಯಿ ಬಲಿತಿದೆಯೇ ಎಂಬಂತೆ ಕಣ್ಣಲ್ಲೇ ನಕ್ಕರು. ಪ್ರಶ್ನೆಗಳು ಬಂದವು. ನಾನು ಬರೆಯತೊಡಗಿದೆ. ಸ್ವಲ್ಪ ಹೊತ್ತಿಗೆ ತಲೆಯೆತ್ತಿ ನೋಡಿದರೆ, ಎರಡು ಸಾಲು ಮುಂದೆ ವ್ಯಂಕಟರಾಯರು ಲೇಖನಿ ಹಿಡಿದು ಹಾಗೇ ಕೂತಿದ್ದಾರೆ. ಹಾಳೆ ಬಿಳಿ. ಇವರನ್ನು ಐದನೆಯ ಸಲ ಮುಳುಗಿಸಲು ಎಳೆದು ತಂದವನು ನಾನೇ ಅಲ್ಲವೇ?

ಆಗ ಒಂದು ಗೊಣಗು ಕೇಳಿಸಿತು. "ನೋಡು ಕಾಶಪ್ಪಾ, ಮೊದ್ಲ ಜಮಾ ಯಾವ್ದು ನೋಡ್ಬೇಕು... ಹಾಂ... ಈಗ ಇದನ್ನ ಈ ಕಡಿ ತಾ..." ರಾಯರ ಬೆನ್ನು ನೆಟ್ಟಗಾಗುತ್ತಿತ್ತು. ಲೇಖನಿ ಓಡತೊಡಗಿತು. ಗೊಣಗು ದೊಡ್ಡದಾಯಿತು. ಅಕ್ಕಪಕ್ಕದವರು ಗದ್ದಲವೆಂದು ದೂರಿದರು. ಉಸ್ತಾದರು ಎದ್ದು ಬಂದರು.

"ಯೆ ಕ್ಯಾ ಕರ್ ರಹೇ ಹೈಂ ಆಪ್?" ಇದೇನು ಮಾಡುತ್ತಿದ್ದೀರಿ ಎಂದು ಕೇಳಿದರು.

ರಾಯರು ಕನಸಿನಿಂದ ಎದ್ದವರಂತೆ ನೋಡಿ, "ಪಢಾ ರಹಾ ಹೂಂ, ಸಾಹೇಬ್" ಅಂದರು. ಪಾಠ ಹೇಳುತ್ತಿದ್ದೇನೆ!

ಪಡಸಾಲೆ ಗೊಳ್ಳೆಂದಿತು. ನಾನು ಮಾತ್ರ ನಗಲಿಲ್ಲ. ಹೊರಗೆ ಕಳಿಸಿದರೆ ಎಲ್ಲ ಮುಗಿಯಿತು. ಉಸ್ತಾದರು ರಾಯರ ಹಾಳೆಯತ್ತ ಬಗ್ಗಿ, ಅದನ್ನೂ ಅವರ ಕೈಯನ್ನೂ ನೋಡಿದರು. ತಮ್ಮ ಹಳೆಯ ಶಿಷ್ಯನ ನಾಲ್ಕು ಸೋಲೂ ಅವರಿಗೆ ಗೊತ್ತಿದ್ದವು. ತಾವೇ ಆ ಗಿಡ್ಡ ಮೇಜನ್ನು ಎತ್ತಿ ಹೊರಗಿನ ಜಗಲಿಯ ಕೊನೆಯ ಕಂಬದ ಹತ್ತಿರ ಇಟ್ಟರು. ಯಾರಿಗೂ ಕೇಳಿಸದ ಜಾಗ. ಅಲ್ಲಿ ರಾಯರನ್ನು ಕೂರಿಸಿ, ಎದುರಿಗೆ ಒಂದು ಕುರ್ಚಿ ಹಾಕಿ ಬೇರೊಬ್ಬರನ್ನು ಕಾವಲಿಗಿಟ್ಟರು. ಇನ್ನು ಎಷ್ಟು ಬೇಕಾದರೂ ಪಾಠ ಹೇಳಿ ಅಂದರು.

ಅಷ್ಟು ಹೊತ್ತು ಅವರ ಕಡೆ ನೋಡುತ್ತ ನಾನು ನನ್ನ ಲೆಕ್ಕ ಕೆಡಿಸಿಕೊಂಡಿದ್ದೆ. ಜಮೆ ಖರ್ಚುಗಳ ಮೊತ್ತ ಎಷ್ಟು ಮಾಡಿದರೂ ಕೂಡಲೊಲ್ಲದು. ಹಿಂದಿನ ಇಪ್ಪತ್ತೊಂದು ವರ್ಷದ ಕಾಶಪ್ಪನಾಗಿದ್ದರೆ ಯಾವುದೋ ಒಂದು ಅಂಕಿ ಹಾಕಿ ಜಲ್ದಿ ಮುಗಿಸುತ್ತಿದ್ದ. ನಾನು ಲೇಖನಿ ಕೆಳಗಿಟ್ಟೆ. ರಾಯರು ಎಲ್ಲೆಲ್ಲಿ ಮುಳುಗಿದ್ದರೋ ಅಲ್ಲೆಲ್ಲ ಕಾಲಿಟ್ಟು ನೋಡುತ್ತ ಬಂದೆ. ಮೊದಲ ಸಲದ ತಪ್ಪು ಇಲ್ಲ, ಎರಡನೆಯದೂ ಇಲ್ಲ. ಮೂರನೆಯದು ಇತ್ತು! ಹಿಂದಿನ ಹಾಳೆಯ ಮೊತ್ತ ಅಲ್ಲೇ ಕೂತುಬಿಟ್ಟಿತ್ತು. ತಂದು ಸೇರಿಸಿದೆ, ಕೂಡಿತು.

ಫಲಿತಾಂಶ ಬರಲು ಎರಡು ತಿಂಗಳಾಯಿತು. ಆ ಎರಡು ತಿಂಗಳು ನಾನು ಔರಾದಿನಲ್ಲಿ ಟಪಾಲಿನವನನ್ನು ಬೀಗರಿಗಿಂತ ಹೆಚ್ಚು ಉಪಚರಿಸಿದೆ. ಎಳ್ಳಮಾಸಿ ಹಬ್ಬ ಮುಗಿದ ವಾರದಲ್ಲಿ ಯಾದಿ ಬಂತು. ಪೇಶ್ಕಾರರು ಮೂಗಿನ ತುದಿಗೆ ಕನ್ನಡಕ ಇಳಿಸಿ ಓದುತ್ತ ಹೋದರು. ನಡುವೆಲ್ಲೋ ನನ್ನ ಹೆಸರು ಕೇಳಿಸಿತು. "ಶಾಬಾಸ್" ಅಂದರು. ನಾನು ಯಾದಿಯನ್ನೇ ಕಸಿದುಕೊಂಡು ನೋಡಿದೆ. ನನಗಿಂತ ಆರು ಹೆಸರು ಮೇಲೆ ವ್ಯಂಕಟರಾಯರು ಕೂತಿದ್ದರು. ಕಚೇರಿಯ ಹಿಂದೆ ಹೋಗಿ, ಬೇವಿನ ಗಿಡದ ಬುಡದಲ್ಲಿ ಕೂತು, ಸುಮ್ಮನೆ ಉಸಿರಾಡಿದೆ. ಎರಡು ತಿಂಗಳಿಂದ ಎದೆಯ ಮೇಲೆ ಯಾರೋ ಕೂತಿದ್ದರು, ಎದ್ದು ಹೋದ ಹಾಗಾಯಿತು.

ಆದರೆ ರಾಯರಿಗೆ ಹೇಳುವುದು ಹೇಗೆ? ಯಾದಿ ಬರುವ ಹೊತ್ತಿಗೆ ಬೀದರಿನಲ್ಲಿ ಇರುವುದಿಲ್ಲವೆಂದು ಅವರು ರಜೆ ಹಾಕಿ, ಹೆಂಡತಿಯ ಜೊತೆ ಮೆಹಕರಕ್ಕೆ ತಮ್ಮನ ಹೊಲಕ್ಕೆ ಹೋಗಿಬಿಟ್ಟಿದ್ದಾರೆಂದು ಮಾವ ಕಾಗದ ಬರೆದಿದ್ದ. ಅಂದೇ ಬಂಡಿಯೊಂದರಲ್ಲಿ ಹೊರಟು ಭಾಲ್ಕಿಗೆ ಬಂದೆ. ಅಪ್ಪ ತಕ್ಕಡಿಯಿಂದ ತಲೆಯೆತ್ತದೆ ಸುದ್ದಿ ಕೇಳಿ, "ಇನ್ನ ಮೂರ ಮಂದಿಗಿ ಅಂಗಡಿ ಸಾಕಾತದ" ಅಂದರು. ಆದರೆ ಗಿರಾಕಿಗೆ ಒಂದು ಹಿಡಿ ಸಕ್ಕರೆ ಹೆಚ್ಚು ಬಿದ್ದದ್ದನ್ನು ನಾನು ನೋಡಿದೆ.

ಮರುದಿನ ಮೆಹಕರ ಮುಟ್ಟಿದಾಗ ಬಿಸಿಲೇರಿತ್ತು. ಬಿಳಿಜೋಳ ಹಾಲುದುಂಬಿ ನಿಂತಿತ್ತು. ಹೊಲದ ನಡುವೆ ನಾಲ್ಕು ಕಂಬದ ಅಟ್ಟಣಿಗೆ. ಅದರ ಮೇಲೆ ಟೋಪಿ, ದಾರದ ಕನ್ನಡಕ, ಕೈಯಲ್ಲಿ ಕವಣೆ! ದಫ್ತರಖಾನೆಯ ವ್ಯಂಕಟರಾಯರು ಹಕ್ಕಿ ಕಾಯುತ್ತಿದ್ದರು. ಬೀಸಿದ ಕಲ್ಲು ಹಕ್ಕಿಗಳಿರುವ ಕಡೆಯೊಂದನ್ನು ಬಿಟ್ಟು ಬೇರೆಲ್ಲ ಕಡೆ ಬೀಳುತ್ತಿತ್ತು. ನನ್ನನ್ನು ಕಂಡ ಕೂಡಲೇ ಕವಣೆ ಇಳಿಬಿಟ್ಟರು.

"ಯಾದಿ ಬಂತೇನು?" ಮೇಲಿಂದಲೇ ಕೂಗಿದರು. ನಾನು ಉತ್ತರ ಕೊಡುವಷ್ಟರಲ್ಲಿ, "ಗೊತ್ತಾತು ಬಿಡು. ಇಷ್ಟ ದೂರ ಓಡಿ ಬಂದೀಯಂದ್ರ ಏನ್ ಅಂತ ಗೊತ್ತಾತು. ಹೋಗ್ಲಿ, ಮನಸಿಗಿ ಹಚಗೋಬ್ಯಾಡ" ಎನ್ನುತ್ತ ಇಳಿದು ಬಂದು ನನ್ನ ಹೆಗಲು ಹಿಡಿದರು. "ಮೊದ್ಲನೇ ಸಲ ಭಾಳ ನೋವ ಆಗ್ತದ, ನನಗ ಗೊತ್ತದ. ಎಂಟ ದಿನ ಯಾರ ಮುಖಾನೂ ನೋಡಬ್ಯಾಡ. ಆಮ್ಯಾಲ ಹಸಿವಿ ಬರ್ತದ, ನಿದ್ದಿ ಬರ್ತದ. ಎದ್ರಾಗ ಹೋತು? ರಕಮಿನಾಗೇನು?"

"ಅಲ್ರಿ ರಾಯರ..."

"ನಾಚಬ್ಯಾಡ. ನನ್ನ ಮುಂದ ನಾಚೂದು ಏನದ? ಮುಂದಿನ ಸಲ ಇಬ್ಬರೂ ಕೂಡಿ..."

ನಾನು ಬಾಯಿ ತೆರೆದಾಗಲೆಲ್ಲ ಅವರು ಸಮಾಧಾನ ಹೇಳುತ್ತಿದ್ದರು. ಸೋತವನಿಗೆ ಹೇಳಬೇಕಾದದ್ದೆಲ್ಲ ಅವರ ಬಳಿ ಅಷ್ಟು ತುಂಬಿತ್ತು, ಇಷ್ಟು ವರ್ಷ ಅದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಅಟ್ಟಣಿಗೆಯ ಕೆಳಗೆ ಕೂತು ಹಸಿ ತೆನೆ ಸುಡುತ್ತಿದ್ದ ರಾಧಾಬಾಯಿ ಎದ್ದು ನಿಂತರು. "ಅವ್ರಿಗಿ ಮಾತಾಡ್ಲಾಕ ಬಿಡ್ರೀ ಮೊದ್ಲ!"

"ಪಾಸಾಗೀನ್ರಿ" ಅಂದೆ. "ನೀವೂ ಪಾಸಾಗೀರಿ. ನನಗಿಂತ ಆರ ಹೆಸರ ಮ್ಯಾಲ ಇದ್ದೀರಿ."

ವ್ಯಂಕಟರಾಯರ ಕೈ ನನ್ನ ಹೆಗಲ ಮೇಲೆ ಹಾಗೇ ಇತ್ತು.

"ಯಾವ ವ್ಯಂಕಟರಾವ್? ತಂದಿ ಹೆಸರ ನೋಡಿದೇನು?"

ಲೆಕ್ಕದ ಮನುಷ್ಯ ಹೀಗೆ ಕೇಳಿಯೇ ಕೇಳುತ್ತಾರೆಂದು ಯಾದಿಯ ಸಾಲನ್ನು ಹಾಗೇ ಬರೆದುಕೊಂಡು ಹೋಗಿದ್ದೆ. ಕಾಗದ ಕೊಟ್ಟೆ. ಅವರ ಹೆಸರು, ತಂದೆಯ ಹೆಸರು, ಊರು. ಒಮ್ಮೆ ಓದಿದರು. ಕನ್ನಡಕ ಒರೆಸಿ ಇನ್ನೊಮ್ಮೆ ಓದಿ ಹೆಂಡತಿಯ ಕೈಗೆ ಕೊಟ್ಟರು. ರಾಧಾಬಾಯಿಗೆ ಓದು ಬಾರದು. ಆದರೂ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ರಾಯರು ನಗಲಿಲ್ಲ, ಅಳಲಿಲ್ಲ. ನೆರಳಿನಲ್ಲಿ ಹಾಸಿದ್ದ ಕಂಬಳಿಯ ಮೇಲೆ ಕೂತು, "ಸ್ವಲ್ಪ ಅಡ್ಡ ಆಗ್ತೇನಿ" ಅಂದರು. ಟೋಪಿ ತೆಗೆದು ಪಕ್ಕಕ್ಕಿಟ್ಟು ಮಲಗಿದರು. ನೂರು ಎಣಿಸುವುದರೊಳಗೆ ಗೊರಕೆ ಕೇಳಿಸಿತು.

ಕವಣೆಯ ಜೊತೆ ಮಾತೂ ನಿಂತದ್ದೇ ತಡ, ಸುತ್ತಲ ಮರಗಳಿಂದ ಹಕ್ಕಿಗಳು ಹಿಂಡು ಹಿಂಡಾಗಿ ಜೋಳದ ಮೇಲೆ ಇಳಿದವು. ನಾನು ಗಾಬರಿಯಾಗಿ ಎದ್ದು ಹೋ ಎಂದು ಕೂಗಲು ಬಾಯಿ ತೆರೆದೆ. ರಾಧಾಬಾಯಿ ತುಟಿಯ ಮೇಲೆ ಬೆರಳಿಟ್ಟರು.

"ತಿನ್ಲಿ ಬಿಡ್ರಿ ಇವತ್ತೊಂದ ದಿನ" ಎಂದರು ಪಿಸುಮಾತಿನಲ್ಲಿ. "ಹಗಲಿನಾಗ ಇವ್ರು ಹಿಂಗ ಮಲಗಿದ್ದು ನಾ ನೋಡೇ ಇಲ್ಲ."

ಬೂದಿ ಕೊಡವಿ, ಬಿಸಿ ತೆನೆಯೊಂದನ್ನು ನನ್ನ ಕಡೆ ಸರಿಸಿದರು. ಹಕ್ಕಿಗಳು ಅಲ್ಲಿ ತಿಂದವು, ನಾವಿಬ್ಬರು ಇಲ್ಲಿ ಸದ್ದು ಮಾಡದೆ ತಿಂದೆವು.